ಶುಶ್ರೂಷಕಿಯರ ಎರಡನೆಯ ಓದು: ಅನುಭವದಿಂದ ಮುಂದಾಳತ್ವದೆಡೆಗೆ

ಶುಶ್ರೂಷಾ ವಿದ್ಯೆ ಕಲಿತ ಮಕ್ಕಳಿರುವ ಮನೆಗಳು ಇಂದು ನಮ್ಮ ಭಕ್ತಸಮೂಹದಲ್ಲಿ ಅನೇಕ. ಮೂರು ವರ್ಷಗಳ ಜಿ.ಎನ್.ಎಂ. ಅಥವಾ ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಮುಗಿದು ನೌಕರಿ ದೊರೆತೊಡನೆ, ಓದು ಮುಗಿಯಿತೆಂದು ಹಿರಿಯರು ನೆಮ್ಮದಿ ತಾಳುವುದು ಸಹಜ. ಆದರೆ ಈ ಕ್ಷೇತ್ರದಲ್ಲಿ ಎರಡನೆಯ ಓದೊಂದಿದೆ. ಅದರ ಅಗತ್ಯವನ್ನೂ ಸ್ವರೂಪವನ್ನೂ ಬಂಧುಗಳಿಗೆ ತಿಳಿಸುವುದು ಈ ಬರಹದ ಉದ್ದೇಶ.

ಹತ್ತು ವರ್ಷ ದುಡಿದ ಶುಶ್ರೂಷಕಿಗೆ ವಾರ್ಡಿನ ಇನ್‌ಚಾರ್ಜ್ ಹೊಣೆ ಬರುವುದು ಬಹುಮಟ್ಟಿಗೆ ಸೇವಾ ಹಿರಿತನದಿಂದ. ಅನುಭವ ದೊಡ್ಡದೇ. ಆದರೆ ವಿಶೇಷ ಘಟಕಗಳಲ್ಲಿ ಅದೊಂದೇ ಸಾಲದು. ಒಂದು ಉದಾಹರಣೆಯನ್ನು ನೋಡೋಣ. ರಕ್ತದಲ್ಲಿ ಆಮ್ಲಜನಕದ ಪ್ರಮಾಣ ಶೇ. 98 ಎಂದು ಯಂತ್ರ ತೋರಿಸಿದರೆ, ದೊಡ್ಡವರ ವಾರ್ಡಿನಲ್ಲಿ ಪಳಗಿದವರಿಗೆ ಅದು ಸಮಾಧಾನದ ಸಂಗತಿ. ದಿನ ತುಂಬದೆ ಹುಟ್ಟಿ, ಹೊರಗಿನಿಂದ ಆಮ್ಲಜನಕ ಪಡೆಯುತ್ತಿರುವ ಶಿಶುವಿನಲ್ಲಿ ಅದೇ ಸಂಖ್ಯೆ ಎಚ್ಚರಿಕೆಯ ಗಂಟೆ. ಅತಿಯಾದ ಆಮ್ಲಜನಕದಿಂದ ಅಂಥ ಶಿಶುವಿನ ಅಕ್ಷಿಪಟಲದ ರಕ್ತನಾಳಗಳ ಬೆಳವಣಿಗೆ ಕೆಟ್ಟು, ದೃಷ್ಟಿಯೇ ಹೋಗಬಹುದು. ಆದ್ದರಿಂದ ಸಾಮಾನ್ಯವಾಗಿ ಶೇ. 90ರಿಂದ 95ರೊಳಗೆ ಅದನ್ನು ಕಾಯುತ್ತಾರೆ.

ಇದು ಒಬ್ಬ ಶುಶ್ರೂಷಕಿಗೆ ತಿಳಿದಿದ್ದರೆ ಆಕೆಯ ಪಾಲಿಗೆ ಬಂದ ಶಿಶು ಉಳಿಯುತ್ತದೆ. ಘಟಕದ ಮುಂದಾಳಿಗೆ ತಿಳಿದಿದ್ದರೆ ಪ್ರತಿ ಯಂತ್ರದ ಎಚ್ಚರಿಕೆಯ ಮಿತಿ ಸರಿಯಾಗಿರುತ್ತದೆ. ರಾತ್ರಿಪಾಳಿಗೆ ಬರುವ ಹೊಸಬಳಿಗೂ ಅದರ ಕಾರಣ ತಿಳಿದಿರುತ್ತದೆ. ಮುಂದಾಳತ್ವವೆಂದರೆ ಅಧಿಕಾರದ ಕುರ್ಚಿಯಲ್ಲ; ತನ್ನ ತಿಳಿವಳಿಕೆಯನ್ನು ಮೂರೂ ಪಾಳಿಗಳಿಗೆ ಹಂಚುವ ಕಾಯಕ.

ಇದಕ್ಕಾಗಿ ಭಾರತೀಯ ನರ್ಸಿಂಗ್ ಕೌನ್ಸಿಲ್ ರೂಪಿಸಿರುವುದು ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ. ತೀವ್ರ ನಿಗಾ, ನವಜಾತ ಶಿಶು, ಕ್ಯಾನ್ಸರ್, ಹೃದ್ರೋಗ, ನರರೋಗ, ಮನೋರೋಗ, ಶಸ್ತ್ರಚಿಕಿತ್ಸಾ ಕೊಠಡಿ, ತುರ್ತು ಚಿಕಿತ್ಸೆ ಮೊದಲಾದ ಶಾಖೆಗಳಲ್ಲಿ ಇದು ಉಂಟು. ನೋಂದಾಯಿತ ಶುಶ್ರೂಷಕ-ಶುಶ್ರೂಷಕಿಯರು ವಾರ್ಡಿನ ಅನುಭವ ಪಡೆದ ಬಳಿಕ ಸೇರುವ ಶಿಕ್ಷಣವಿದು. ಬಹುಪಾಲು ಕಲಿಕೆ ರೋಗಿಯ ಬಳಿಯೇ ನಡೆಯುತ್ತದೆ. ಬೆಂಗಳೂರಿನ ಇಂದಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋರೋಗ ಶುಶ್ರೂಷೆಯ ಡಿಪ್ಲೊಮಾ 1950ರ ದಶಕದಲ್ಲಿಯೇ ಆರಂಭವಾಯಿತೆಂಬುದು ಕನ್ನಡನಾಡಿಗೆ ಹೆಮ್ಮೆಯ ವಿಷಯ.

ಇನ್ನೂ ಮುಂದೆ ಸಾಗುವವರಿಗೆ ಬಿ.ಎಸ್ಸಿ. ಬಳಿಕ ತೀವ್ರ ನಿಗಾ ವಿಭಾಗದ ಎರಡು ವರ್ಷಗಳ ನರ್ಸ್ ಪ್ರಾಕ್ಟೀಷನರ್ ಶಿಕ್ಷಣವಿದೆ. ಹೆರಿಗೆ ಸೇವೆಗಾಗಿ ಕೇಂದ್ರ ಸರ್ಕಾರವು 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ 18 ತಿಂಗಳ ಮಿಡ್‌ವೈಫರಿ ತರಬೇತಿಯೂ ಇದೆ.

ಇಲ್ಲಿ ಎರಡು ವಿಷಯಗಳಲ್ಲಿ ಎಚ್ಚರ ಅಗತ್ಯ. ಮೊದಲನೆಯದು, ಹೆಸರಿನ ಗೊಂದಲ. ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಎಂಬುದು ಜಿ.ಎನ್.ಎಂ. ಮುಗಿಸಿದವರು ಪದವೀಧರರಾಗುವ ಎರಡು ವರ್ಷಗಳ ಶಿಕ್ಷಣ. ಪೋಸ್ಟ್ ಬೇಸಿಕ್ ಡಿಪ್ಲೊಮಾ ಎಂಬುದು ಒಂದು ಶಾಖೆಯಲ್ಲಿ ಪರಿಣತಿ ನೀಡುವ ಶಿಕ್ಷಣ. ಇವೆರಡೂ ಬೇರೆ ಬೇರೆ. ಎರಡನೆಯದು, ಮಾನ್ಯತೆ. ಶುಲ್ಕ ಕಟ್ಟುವ ಮುನ್ನ ಆ ಸಂಸ್ಥೆಯ ಆ ಶಾಖೆಗೆ ಕೌನ್ಸಿಲ್‌ನ ಮಾನ್ಯತೆ ಇದೆಯೇ, ಪಡೆದ ಅರ್ಹತೆಯನ್ನು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಚ್ಚುವರಿಯಾಗಿ ನೋಂದಾಯಿಸಲಾಗುವುದೇ ಎಂದು ವಿಚಾರಿಸಬೇಕು. ಕೆಲವೇ ವಾರಗಳ ಆನ್‌ಲೈನ್ ಪ್ರಮಾಣಪತ್ರ ತಿಳಿವಳಿಕೆಯನ್ನು ಹೆಚ್ಚಿಸಬಹುದು. ಅದು ಈ ಡಿಪ್ಲೊಮಾಕ್ಕೆ ಸಮನಲ್ಲ.

ಕಷ್ಟವಿರುವುದು ಆ ಒಂದು ವರ್ಷದಲ್ಲಿಯೇ. ಕೈಗೆ ಬರುತ್ತಿದ್ದ ಸಂಬಳ ನಿಲ್ಲಬಹುದು. ಮನೆಯಲ್ಲಿ ಎಳೆಯ ಮಕ್ಕಳಿರಬಹುದು, ಹಾಸಿಗೆ ಹಿಡಿದ ಅತ್ತೆ-ಮಾವಂದಿರಿರಬಹುದು. ಮಗನ ಎರಡನೆಯ ಓದಿಗೆ ಸಾಲ ತರುವ ಮನೆಯೇ, ಸೊಸೆಯ ಎರಡನೆಯ ಓದಿಗೆ "ಈಗೇಕೆ?" ಎಂದು ಕೇಳುವುದನ್ನು ನಾವು ಕಂಡಿದ್ದೇವೆ. ಅವಳ ಸಂಬಳ ಬೇಕು, ಓದು ಬೇಡವೆಂಬುದು ನ್ಯಾಯವಲ್ಲ. ರಜೆ, ನಿಯೋಜನೆ, ವಿದ್ಯಾರ್ಥಿವೇತನ, ಬಳಿಕ ಸಲ್ಲಿಸಬೇಕಾದ ಸೇವೆಯ ಕರಾರು ಇವುಗಳ ಕುರಿತು ಆಸ್ಪತ್ರೆಯೊಡನೆ ಮೊದಲೇ ಮಾತನಾಡಿ, ಒಪ್ಪಿದ್ದನ್ನು ಲಿಖಿತವಾಗಿ ಪಡೆಯುವುದು ಒಳಿತು.

ಆಸ್ಪತ್ರೆಗಳನ್ನು ನಡೆಸುವ ಬಂಧುಗಳಲ್ಲಿಯೂ ನಮ್ಮದೊಂದು ವಿನಂತಿ. ನವಜಾತ ಶಿಶು ಶುಶ್ರೂಷೆಯಲ್ಲಿ ಡಿಪ್ಲೊಮಾ ಪಡೆದು ಬಂದವಳನ್ನು ಸರದಿಯ ಹೆಸರಿನಲ್ಲಿ ಮೂಳೆರೋಗದ ವಾರ್ಡಿಗೆ ಕಳುಹಿಸಿದರೆ, ಒಂದು ವರ್ಷದ ಶ್ರಮ ಮಣ್ಣುಪಾಲಾಗುತ್ತದೆ. ಆಕೆಗೆ ತಕ್ಕ ಘಟಕ, ತಕ್ಕ ಸಂಬಳ, ಕಿರಿಯರಿಗೆ ಕಲಿಸಲು ಸಮಯ ಈ ಮೂರನ್ನೂ ಒದಗಿಸಿದಾಗಲೇ ಆ ಓದು ರೋಗಿಯನ್ನು ಮುಟ್ಟುತ್ತದೆ.

ನಮ್ಮವರು ಆಸ್ಪತ್ರೆ ಸೇರಿದಾಗ ವೈದ್ಯರ ಹೆಸರನ್ನು ವಿಚಾರಿಸುತ್ತೇವೆ. ಆದರೆ ನಡುರಾತ್ರಿ ಹಾಸಿಗೆಯ ಬಳಿ ಇರುವವಳು ಶುಶ್ರೂಷಕಿ. ಆಕೆಗೆ ದಾರಿ ತೋರಿಸಬಲ್ಲ ಹಿರಿಯಳೊಬ್ಬಳು ಆ ಘಟಕದಲ್ಲಿರಬೇಕಾದರೆ, ಯಾವುದೋ ಮನೆಯವರು ತಮ್ಮ ಮಗಳನ್ನೋ ಸೊಸೆಯನ್ನೋ ಇನ್ನೊಂದು ವರ್ಷ ಓದಿಸಿರಬೇಕು. ಆ ಮನೆ ನಮ್ಮದೂ ಆಗಲಿ.