ಮಲೇರಿಯಾ ಕ್ರಿಮಿಯ ಮನೆವಾರ್ತೆ

ಹೋದ ಮಳೆಗಾಲದಲ್ಲಿ, ಮಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮ ದೊಡ್ಡ ಮಗ ಗಡಗಡ ನಡುಗುತ್ತಾ ಊರಿಗೆ ಬಂದ. ಎರಡು ಕಂಬಳಿ ಹೊದಿಸಿದರೂ ಚಳಿ ಬಿಡಲಿಲ್ಲ. ರಕ್ತಪರೀಕ್ಷೆ ಮಾಡಿಸಿದರೆ ಫಾಲ್ಸಿಪಾರಮ್ ಮಲೇರಿಯಾ! "ಮಿದುಳಿಗೆ ಏರಬಲ್ಲ ಜಾತಿಯಮ್ಮ ಇದು, ಸದ್ಯ ಬೇಗ ಬಂದಿರಿ" ಅಂದರು ಡಾಕ್ಟರು. ಮಾತ್ರೆಯಿಂದ ವಾಸಿಯಾಯಿತು. ಆದರೆ ಸೊಳ್ಳೆ ಕಚ್ಚುವುದು ಕಾಲಿಗೆ, ಕಾಯಿಲೆ ಮಿದುಳಿಗೆ ಹೋಗುವುದು ಹೇಗೆ? ಬೆಂಗಳೂರಿನಲ್ಲಿ ಜೀವರಸಾಯನಶಾಸ್ತ್ರ ಓದುತ್ತಿರುವ ತಂಗಿ ಮಗಳು ರಜಕ್ಕೆ ಬಂದಾಗ ಕೇಳಿಯೇಬಿಟ್ಟೆ.

"ಎಲ್ಲಾ ಪೊರೆಯ ಆಟ, ದೊಡ್ಡಮ್ಮ" ಅಂದಳು. ನಮ್ಮ ರಕ್ತಕಣಕ್ಕೂ ಆ ಕ್ರಿಮಿಗೂ ತೆಳ್ಳನೆಯ ಪೊರೆಯಿದೆ. ಎರಡು ಪದರ ಕೊಬ್ಬು, ಅದರಲ್ಲಿ ಅಲ್ಲಲ್ಲಿ ನಾಟಿಕೊಂಡ ಪ್ರೋಟೀನು. ಕ್ರಿಮಿಯ ಆರ್‌ಎಚ್‌5 ಎಂಬ ಪ್ರೋಟೀನು ರಕ್ತಕಣದ ಬ್ಯಾಸಿಜಿನ್ ಎಂಬ ಪ್ರೋಟೀನನ್ನು ಹಿಡಿದರೇನೇ ಒಳಕ್ಕೆ ಪ್ರವೇಶ. ಇದು ತಿಳಿದದ್ದು 2011ರಲ್ಲಿ.

ಒಳಹೊಕ್ಕ ಮೇಲೆ ಸಂಸಾರ ಶುರು. ಸುಮಾರು 48 ಗಂಟೆಯಲ್ಲಿ ಒಂದು ಹೋಗಿ ಹದಿನಾರೋ ಇಪ್ಪತ್ತೋ ಆಗುತ್ತವೆ. ಅಷ್ಟು ಮರಿಗಳಿಗೂ ಪೊರೆ ಬೇಕಲ್ಲ! ಬೆಳೆದ ರಕ್ತಕಣ ತಾನಾಗಿ ಕೊಬ್ಬು ತಯಾರಿಸುವುದಿಲ್ಲ. ಹಾಗಾಗಿ ಕ್ರಿಮಿ ನಮ್ಮ ರಕ್ತದಿಂದಲೇ ಕೊಬ್ಬಿನಾಮ್ಲ ಎಳೆದುಕೊಂಡು ಪೊರೆ ಕಟ್ಟುತ್ತದೆ. ಪಕ್ಕದ ಮನೆಯಿಂದ ಹಿಟ್ಟು ಕಡ ತಂದು ರೊಟ್ಟಿ ತಟ್ಟಿದ ಹಾಗೆ, ವಾಪಸು ಕೊಡುವ ಮಾತು ಮಾತ್ರ ಇಲ್ಲ.

ಈ ಕೊಬ್ಬಿನ ದಾರಿ ಕಟ್ಟಿದರೆ ಹೇಗೆ? 2001ರಲ್ಲಿ ಬೆಂಗಳೂರಿನ ವಿಜ್ಞಾನಿಗಳಾದ ನಮಿತಾ ಸುರೋಲಿಯಾ, ಅವಧೇಶ ಸುರೋಲಿಯಾ ಅವರು ಟೂತ್‌ಪೇಸ್ಟಿಗೆ ಹಾಕುತ್ತಿದ್ದ ಟ್ರೈಕ್ಲೋಸಾನ್ ಈ ಕ್ರಿಮಿಯನ್ನು ತಡೆಯುತ್ತದೆಂದು ತೋರಿಸಿದರು. ಆದರೆ ರಕ್ತದಲ್ಲಿರುವಾಗ ಕ್ರಿಮಿಗೆ ಸ್ವಂತ ಕೊಬ್ಬಿನ ತಯಾರಿ ಅಷ್ಟು ಅಗತ್ಯವಿಲ್ಲವೆಂದು ಆಮೇಲೆ ಗೊತ್ತಾಯಿತು. ಕಡ ಸಿಗುತ್ತಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ.

ಇನ್ನು ಮಿದುಳಿನ ಮಾತು. ಕ್ರಿಮಿ ಇನ್ನೊಂದು ಪ್ರೋಟೀನನ್ನು ರಕ್ತಕಣದ ಹೊರಮೈಗೆ ಕಳಿಸುತ್ತದೆ. ಅಲ್ಲಿ ಸಣ್ಣ ಸಣ್ಣ ಗಂಟುಗಳೇಳುತ್ತವೆ. ಆ ಗಂಟಿನ ಪ್ರೋಟೀನಿನಿಂದ ರಕ್ತಕಣ ಸಣ್ಣ ರಕ್ತನಾಳದ ಗೋಡೆಗೆ ಕಚ್ಚಿಕೊಳ್ಳುತ್ತದೆ. ತೇಲುತ್ತಾ ಹೋದರೆ ಗುಲ್ಮವೆಂಬ ಜರಡಿಯಲ್ಲಿ ಸಿಕ್ಕಿಬೀಳುವ ಭಯ ಅದಕ್ಕೆ! ಮಿದುಳಿನ ನಾಳದಲ್ಲಿ ಹೀಗೆ ಕಚ್ಚಿಕೊಂಡರೆ ರಕ್ತದ ಓಟ ಕಟ್ಟಿ ರೋಗಿಗೆ ಪ್ರಜ್ಞೆ ತಪ್ಪುತ್ತದೆ, ಜೀವಕ್ಕೇ ಅಪಾಯ. ಈ ಪ್ರೋಟೀನನ್ನು ನಮ್ಮ ದೇಹ ಗುರುತು ಹಿಡಿಯುವಷ್ಟರಲ್ಲಿ ಕ್ರಿಮಿ ಬೇರೆಯದನ್ನು ಉಟ್ಟಿರುತ್ತದೆ. ಸುಮಾರು 60 ಬಗೆ ಇದೆಯಂತೆ. ನಾವೋ, ಆರು ಮದುವೆಗೆ ಒಂದೇ ರೇಷ್ಮೆ ಸೀರೆ!

ಮೊನ್ನೆ ಮಗ ಫೋನಿನಲ್ಲಿ "ಯಾಕೋ ಮೈ ಬೆಚ್ಚಗಿದೆ ಅಮ್ಮಾ" ಅಂದ. "ಊಟ ಆಮೇಲೆ, ಮೊದಲು ರಕ್ತ ತೋರಿಸಿಕೊಂಡು ಬಾ" ಅಂದೆ. ರಾತ್ರಿ ಎಂಟಕ್ಕೆ ಮತ್ತೆ ಫೋನು ಬಂತು. ಸದ್ಯ, ಬರೀ ನೆಗಡಿ.