ತಬಲಿಯ ಮೇಲಿನ ಭಾರ

ತಂತಿವಾದ್ಯದ ಸದ್ದಿನ ಬಹುಪಾಲು ಹೊರಡುವುದು ತಂತಿಯಿಂದಲ್ಲ, ತಬಲಿಯಿಂದ, ಎಂದರೆ ವಾದ್ಯದ ಮುಖದ ತೆಳು ಹಲಗೆಯಿಂದ. ತಂತಿ ತೀರಾ ಸಣ್ಣದು. ಗಾಳಿಯನ್ನು ತಳ್ಳುವ ಅಗಲ ಅದಕ್ಕಿಲ್ಲ. ಅದರ ಅದುರು ಕುದುರೆಯ ಮೂಲಕ ತೆಳು ಹಲಗೆಗಿಳಿದು, ಹಲಗೆ ಗಾಳಿಯನ್ನು ಅಲುಗಿಸಿದಾಗ ಸ್ವರ ತುಂಬಿ ಕೇಳಿಸುತ್ತದೆ. ಆದ್ದರಿಂದ ಹಲಗೆಗೆ ಏನನ್ನೇ ಅಂಟಿಸಿದರೂ ನಾದ ಬದಲಾಗಲೇಬೇಕು. ಆ ಬದಲಾವಣೆ ಕಿವಿಗೆ ಗೊತ್ತಾದೀತೇ ಎಂಬುದು ಬೇರೆ ಮಾತು.

ಕುಂದಗೋಳದ ಗಾಯಕ ಸವಾಯಿ ಗಂಧರ್ವರ (1886–1952) ಕಿರಾಣಾ ಘರಾಣೆಯ ಹಾಡಿಕೆಗೆ ತಂಬೂರಿಯ ನಾದವೇ ಆಧಾರ. ಅವರ ಗುರು ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಮಿರಜ್ ಇಂದಿಗೂ ತಂಬೂರಿ ಮಾಡುವವರ ಊರು. ಅಲ್ಲಿಯ ತಂಬೂರಿಯ ತಬಲಿ ತುಸು ಉಬ್ಬಿದ ತೆಳು ಮರದ ಹಲಗೆ. ಸೆಲ್ಯುಲಾಯ್ಡ್ ಪಟ್ಟಿ, ಬಳ್ಳಿಗಳ ಅಲಂಕಾರ ಅದಕ್ಕೂ ಉಂಟು, ಆದರೆ ಬಹುಪಾಲು ಅಂಚಿನಲ್ಲಿ. ಬುರುಡೆಗೆ ಬಿಗಿದ ಅಂಚು ಹೆಚ್ಚು ಅಲುಗದು, ಅಲ್ಲಿಯ ಭಾರ ನಾದದ ಲೆಕ್ಕಕ್ಕೆ ಬಾರದು. ಕುದುರೆಯ ಮೇಲೆ ತಂತಿಯಡಿಯ ಜೀವಾಳಿ ನೂಲಿಗೆ ಭಾರವೇ ಇಲ್ಲ. ಆದರೂ ಅದನ್ನು ಕೂದಲೆಳೆಯಷ್ಟು ಸರಿಸಿದರೆ ಮುಚ್ಚಿದ ನಾದ ಬಿಚ್ಚಿಕೊಳ್ಳುತ್ತದೆ. ತೂಕಕ್ಕಿಂತ ಜಾಗ ಮುಖ್ಯ.

ತಂಬೂರಿಯನ್ನು ಮೀಟುವುದು ದಂಡಿಯ ಮೇಲೆ, ಹಾಗಾಗಿ ತಬಲಿಗೆ ಗೀರು ಬೀಳದು. ಗಿಟಾರ್‌ನಲ್ಲಿ ಪ್ಲೆಕ್ಟ್ರಮ್ ಬೀಸುವುದೇ ಹಲಗೆಯ ಮೇಲೆ, ಅದಕ್ಕೇ ಪಿಕ್‌ಗಾರ್ಡ್ ಎಂಬ ರಕ್ಷಣೆಯ ಹಾಳೆ. ನೂರು ಚದರ ಸೆಂಟಿಮೀಟರ್ ವಿಸ್ತೀರ್ಣದ, ಅರ್ಧ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ ಸುಮಾರು 7 ಗ್ರಾಂ ತೂಗುತ್ತದೆ. ವಿಸ್ತೀರ್ಣ ಮೂರು ಪಟ್ಟು, ದಪ್ಪ ಮೂರು ಪಟ್ಟಾದರೆ 63 ಗ್ರಾಂ. ಒಳಪಟ್ಟಿಗಳೂ ಸೇರಿ ಕಾಲು ಕಿಲೋ ಆಸುಪಾಸಿನ ಹಲಗೆಗೆ ಇದು ಸಣ್ಣ ಹೊರೆಯಲ್ಲ. 1962ರಲ್ಲಿ ಗಿಬ್ಸನ್ ಕಂಪನಿ ಹೊರತಂದ ಎವರ್ಲಿ ಬ್ರದರ್ಸ್ ಗಿಟಾರ್ ಇಂಥ ಅತಿಯ ಮಾದರಿ: ಹಲಗೆಯ ನಾದರಂಧ್ರದ ಎರಡೂ ಬದಿಗೆ ದೊಡ್ಡ ಪಿಕ್‌ಗಾರ್ಡ್. ನೋಡಲು ಚೆಂದವೇ.

ಅಂಟಿದ ಹಾಳೆ ಮೂರು ಕೆಲಸ ಮಾಡುತ್ತದೆ. ಭಾರ ಕಂಪನಾಂಕವನ್ನು ಇಳಿಸುತ್ತದೆ: ಅಲುಗುವ ಭಾಗ ಶೇ 4ರಷ್ಟು ತೂಕ ಪಡೆದರೆ ಕಂಪನಾಂಕ ಶೇ 2ರಷ್ಟು ತಗ್ಗುತ್ತದೆ. ಹಾಳೆಯ ಬಿಗುಪು ಅದನ್ನು ಮತ್ತೆ ಏರಿಸುತ್ತದೆ, ಹೀಗಾಗಿ ಎರಡೂ ಒಂದಿಷ್ಟು ಸರಿದೂಗುತ್ತವೆ. ಮೂರನೆಯದು ಸರಿದೂಗದು. ಪ್ಲಾಸ್ಟಿಕ್ ಮರದಂತೆ ಮಿಡಿಯದೆ ಕಂಪನವನ್ನು ನುಂಗಿ ಶಾಖವಾಗಿಸುತ್ತದೆ, ಮೊದಲು ಮಂಕಾಗುವುದು ಮೇಲಿನ ಸ್ವರಾಂಶಗಳು. ಹಲಗೆ ಹೆಚ್ಚು ಮಿಡಿಯುವುದು ಕುದುರೆಯ ಸುತ್ತಲಿನ ಅಗಲ ಭಾಗದಲ್ಲಿ. ರಂಧ್ರದ ಪಕ್ಕದ ಭಾಗ ಒಳಪಟ್ಟಿಗಳಿಂದ ಬಿಗಿ. ರಂಧ್ರದ ಬದಿಗಷ್ಟೇ ಇರುವ ತೆಳು ಹಾಳೆ ಕಿವಿಗೆ ಗೊತ್ತಾಗುವುದು ಕಷ್ಟ. ಕುದುರೆಯ ಕೆಳಗಿನವರೆಗೂ ಚಾಚಿದ ದಪ್ಪ ಹಾಳೆಯಿಂದ ದನಿ ಕೊಂಚ ಕುಗ್ಗಬಹುದು. ಹಾಗಿದ್ದರೂ ಹಳೆಯ ತಂತಿ ತೆಗೆದು ಹೊಸದು ಹಾಕಿದಾಗಿನ ವ್ಯತ್ಯಾಸ ಇದಕ್ಕಿಂತ ದೊಡ್ಡದು.

ಭಾರವೆಂದರೆ ಕೆಡುಕೆಂದಲ್ಲ. ಚರ್ಮವಾದ್ಯದಲ್ಲಿ ಬರಿಯ ಚರ್ಮದ ಮೇಲ್ಸ್ವರಗಳು ಒಂದಕ್ಕೊಂದು ಹೊಂದವು. ತಬಲಾದ ಕಪ್ಪು ಕರಣೆಯ ಭಾರ ಅವನ್ನು ಪೂರ್ಣಾಂಕಗಳ ಅನುಪಾತಕ್ಕೆ ತರುತ್ತದೆಂದು ಸಿ.ವಿ. ರಾಮನ್ ಮತ್ತು ಶಿವಕಾಳಿ ಕುಮಾರ್ 1920ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿದರು.

ಪಿಕ್‌ಗಾರ್ಡಿನಿಂದ ನಿಜವಾದ ಹಾನಿ ಬಂದದ್ದು ಬೇರೆ ದಾರಿಯಲ್ಲಿ. ಹಳೆಯ ಮಾರ್ಟಿನ್ ಗಿಟಾರ್‌ಗಳಲ್ಲಿ ಬರಿಯ ಮರಕ್ಕೇ ಅಂಟಿಸಿದ ಪ್ಲಾಸ್ಟಿಕ್ ವರ್ಷಗಳು ಕಳೆದಂತೆ ಕುಗ್ಗಿ, ಮರವನ್ನೂ ಎಳೆದು, ಹಲಗೆ ಎಳೆಗುಂಟ ಸೀಳಿದ್ದುಂಟು.