ಹಳೆಯ ಸಹಪಾಠಿಗಳ ಯೋಗಕ್ಷೇಮ

ಕಾಲೇಜು ಬಿಟ್ಟು ನಾಲ್ವತ್ತು ಐವತ್ತು ವರ್ಷಗಳು ಸಂದ ಮೇಲೆ ಸಹಪಾಠಿಗಳು ಒಬ್ಬರನ್ನೊಬ್ಬರು ಹುಡುಕಿಕೊಂಡು ಸುಖದುಃಖ ವಿಚಾರಿಸುವುದು ಎಲ್ಲೆಡೆಯೂ ಕಾಣುವ ಸಂಗತಿ. ಆದರೆ ಮಂಜೇಶ್ವರದ ಕಡೆಯವರಾದ ನಮಗೆ ಈ ಕೆಲಸವು ಉಳಿದವರಿಗಿಂತ ತುಸು ತೊಡಕಿನದು. ಅದರ ಕಾರಣಗಳನ್ನೂ ನಮಗೆ ಹೊಳೆದ ಉಪಾಯಗಳನ್ನೂ ವಾಚಕರ ಮುಂದಿಡಬಯಸುತ್ತೇವೆ.

'ನಮ್ಮ ಕಾಲೇಜು' ಎಂದರೆ ಯಾವುದು ಎಂಬಲ್ಲಿಯೇ ತೊಡಕು ಮೊದಲಾಗುತ್ತದೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಶಾಲೆ ಮುಗಿಸಿದ ಹುಡುಗರು ರೈಲು ಹತ್ತಿ ಮಂಗಳೂರಿಗೆ, 1880ರಲ್ಲಿ ಸ್ಥಾಪಿತವಾದ ಸಂತ ಅಲೋಶಿಯಸ್ ಕಾಲೇಜಿಗೋ ಸರಕಾರಿ ಕಾಲೇಜಿಗೋ ಹೋಗುತ್ತಿದ್ದರು. ಹೆಣ್ಣುಮಕ್ಕಳಿಗೆ 1921ರಲ್ಲಿ ತೆರೆದ ಸಂತ ಆಗ್ನೆಸ್ ಕಾಲೇಜಿತ್ತು. ಪದವಿ ಮಾತ್ರ ಮದರಾಸು ವಿಶ್ವವಿದ್ಯಾನಿಲಯದ್ದು. ರಾಜ್ಯಗಳ ಪುನರ್ವಿಂಗಡಣೆಯ ಮರುವರ್ಷ ಕಾಸರಗೋಡಿನಲ್ಲಿ ಸರಕಾರಿ ಕಾಲೇಜು ಆರಂಭವಾಯಿತು. ಅದು ಮೊದಲು ಕೇರಳ ವಿಶ್ವವಿದ್ಯಾನಿಲಯಕ್ಕೂ, 1968ರಲ್ಲಿ ಕಲ್ಲಿಕೋಟೆಯ ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ ಅದಕ್ಕೂ, 1996ರ ಬಳಿಕ ಕಣ್ಣೂರಿನದಕ್ಕೂ ಸೇರಿತು. ಹೀಗಾಗಿ ಒಂದೇ ಮನೆಯ ಚಾವಡಿಯಲ್ಲಿ ಅಜ್ಜನ ಮದರಾಸು ಪದವಿಯೂ ತಂದೆಯ ಕಲ್ಲಿಕೋಟೆ ಪದವಿಯೂ ಮಗಳ ಕಣ್ಣೂರು ಪದವಿಯೂ ಸಾಲಾಗಿ ತೂಗುವುದುಂಟು. ವಿಶ್ವವಿದ್ಯಾನಿಲಯಗಳ ದಾಖಲೆಯನ್ನು ನೆಚ್ಚಿ ಯಾದಿ ಮಾಡಹೊರಟರೆ ಊರೂರು ಅಲೆಯಬೇಕಾದೀತು. ಯಾರು ಯಾರ ಪಕ್ಕದಲ್ಲಿ ಕುಳಿತಿದ್ದರು, ಯಾವ ನಿಲ್ದಾಣದಲ್ಲಿ ರೈಲು ಹತ್ತುತ್ತಿದ್ದರು ಎಂಬ ನೆನಪಿನಿಂದಲೇ ಹೊರಡುವುದು ಲೇಸೆಂದು ನಾವು ಅನುಭವದಿಂದ ಬಲ್ಲೆವು.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಪದವಿ ಪಡೆಯದೆ ನಡುವೆ ಬಿಟ್ಟುಹೋದವರನ್ನು ಯಾದಿಯಿಂದ ಬಿಡಲಾಗದು. ನಮ್ಮೂರಿನ ರಾಷ್ಟ್ರಕವಿ ಗೋವಿಂದ ಪೈಗಳು (1883-1963) ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದುತ್ತಿದ್ದು, ಪದವಿ ಪೂರೈಸದೆ ಮರಳಿದವರು. ಅವರ ಹೆಸರಿನಲ್ಲಿಯೇ 1980ರಲ್ಲಿ ಮಂಜೇಶ್ವರದಲ್ಲಿ ಸರಕಾರಿ ಕಾಲೇಜು ಸ್ಥಾಪಿತವಾಯಿತು! ಮನೆಯ ಕಷ್ಟಕ್ಕೆ ಓದು ನಿಲ್ಲಿಸಿದ ಗೆಳೆಯನು ತಾನಾಗಿ ಸಭೆಗೆ ಬಾರನು. ಅವನನ್ನು ಮನೆಗೆ ಹೋಗಿ ಕರೆಯಬೇಕು. ಮದುವೆಯಾಗಿ ಹೆಸರಿನ ಮುಂದಿನ ಅಕ್ಷರ ಬದಲಾದ ಸಹಪಾಠಿನಿಯರ ವಿಷಯವೂ ಹಾಗೆಯೇ. ತವರುಮನೆಯ ಹೆಸರಿಲ್ಲದೆ ಅವರು ದೊರೆಯುವುದಿಲ್ಲ.

ಬ್ಯಾಂಕು ಸೇರಿದವರನ್ನು ಹುಡುಕುವುದು ಒಂದು ಕಾಲಕ್ಕೆ ಸುಲಭವಾಗಿತ್ತು. ಊರಿನ ಶಾಖೆಯಲ್ಲಿ ವಿಚಾರಿಸಿದರೆ ವರ್ಗವಾದ ಸ್ಥಳ ತಿಳಿಯುತ್ತಿತ್ತು. ಈಗ ವಿಜಯಾ ಬ್ಯಾಂಕು 2019ರಲ್ಲಿಯೂ ಸಿಂಡಿಕೇಟ್, ಕಾರ್ಪೊರೇಶನ್ ಬ್ಯಾಂಕುಗಳು 2020ರಲ್ಲಿಯೂ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿವೆ. ನಿವೃತ್ತರಾದ ಗೆಳೆಯರಿರಲಿ, ಅವರು ದುಡಿದ ಫಲಕವೇ ಇಲ್ಲ.

ಹಿರಿಯರ ಕೈಗೂ ಮೊಬೈಲು ಬಂದ ಮೇಲೆ ಸಂಪರ್ಕ ಸುಲಭವಾಯಿತೆನ್ನುವುದು ಅರ್ಧ ನಿಜ. ದಿನವೂ ಬೆಳಗ್ಗೆ ಹೂವಿನ ಚಿತ್ರಗಳು ಬರುತ್ತವೆ. ಕಳುಹಿಸಿದವರ ಮೊಣಕಾಲು ನೋವು ಹೇಗಿದೆಯೆಂಬುದು ತಿಳಿಯುವುದಿಲ್ಲ. ಕಣ್ಣು ಮಂಜಾದವರಿಗೆ ಚಿತ್ರವೂ ಬೇಡ, ದನಿಯೇ ಬೇಕು. ಆದಕಾರಣ ನಮ್ಮ ತಂಡದಲ್ಲಿ ಒಬ್ಬೊಬ್ಬರಿಗೆ ಐದೈದು ಮಂದಿಯನ್ನು ಹಂಚಿ, ತಿಂಗಳಿಗೊಮ್ಮೆ ಮಾತನಾಡಿಸುವ ಕ್ರಮವಿಟ್ಟಿದ್ದೇವೆ. ಕಿವಿ ಮಂದವಾದವರಿಗೆ ಈಗಲೂ ಕಾಗದವೇ ಗತಿ.

ಆ ಕಾಗದದ ವಿಷಯದಲ್ಲಿ ನಾವೊಂದು ತಪ್ಪು ಮಾಡಿದೆವು. ಮುಂಬಯಿಯಲ್ಲಿ ಮಗನ ಮನೆಯಲ್ಲಿದ್ದ ಗೆಳೆಯರೊಬ್ಬರಿಗೆ ಎರಡು ದೀಪಾವಳಿಗಳಂದು ಕನ್ನಡದಲ್ಲಿ ದೀರ್ಘವಾದ ಕಾಗದ ಬರೆದೆವು. ಉತ್ತರ ಬಾರದಿರಲು, ಮರೆತರೆಂದು ತುಸು ಮುನಿದುಕೊಂಡದ್ದೂ ನಿಜ. ಅವರು ಮೊದಲನೆಯ ಕಾಗದಕ್ಕೆ ಮುನ್ನವೇ ತೀರಿಹೋಗಿದ್ದರು. ಮನೆಯಲ್ಲಿ ಕನ್ನಡ ಓದಬಲ್ಲವರಿರಲಿಲ್ಲ. ತಂದೆಗೆ ಬಂದ ಕಾಗದವೆಂದು ಸೊಸೆ ಅವೆರಡನ್ನೂ ದೇವರ ಕೋಣೆಯಲ್ಲಿ ಜೋಪಾನವಾಗಿ ಇಟ್ಟಿದ್ದರಂತೆ. ನೆರೆಮನೆಗೆ ಬಂದ ಧಾರವಾಡದ ಹಿರಿಯರೊಬ್ಬರು ಓದಿ ಹೇಳಿದ ಮೇಲೆ ಮಗನು ನಮಗೆ ಫೋನು ಮಾಡಿದನು. ತಂದೆ ಕಾಲೇಜಿನಲ್ಲಿ ಯಕ್ಷಗಾನದ ವೇಷ ಹಾಕಿದ್ದರೆಂಬುದು ಅವನಿಗೆ ನಮ್ಮ ಕಾಗದದಿಂದಲೇ ತಿಳಿದದ್ದು. ಬೇರೇನು ಮಾಡುತ್ತಿದ್ದರೆಂದು ಕೇಳಿದನು. ಮುಕ್ಕಾಲು ಗಂಟೆ ಹೇಳಿದೆವು.

ಅಂದಿನಿಂದ ಲಕೋಟೆಯ ಹಿಂಬದಿಯಲ್ಲಿ ನಮ್ಮ ಫೋನು ಸಂಖ್ಯೆಯನ್ನೂ, ಕಳುಹಿಸಿದವರು ಯಾರೆಂಬುದನ್ನು ಇಂಗ್ಲಿಷಿನಲ್ಲಿ ಒಂದು ಸಾಲನ್ನೂ ಬರೆಯುತ್ತೇವೆ. ಯಾದಿಯಲ್ಲಿ ಪ್ರತಿಯೊಬ್ಬರ ಮಕ್ಕಳದೊಂದು ಸಂಖ್ಯೆಯನ್ನೂ ಸೇರಿಸಿದ್ದೇವೆ. ಆ ಗೆಳೆಯರ ಹೆಸರನ್ನು ಹೊಡೆದುಹಾಕಿಲ್ಲ. ಅದರ ಮುಂದೆ ಈಗ ಮಗನ ವಿಳಾಸವಿದೆ.